ರೇಷ್ಮೆ ಮುಟ್ಟುವ ಕೈಗೆ ಯಾವ ಕ್ರೀಮು

ಮಗ್ಗದಿಂದ ಇಳಿದ ಸೀರೆ ಅಂಗಡಿಯ ಕಪಾಟು ಸೇರುವ ಮೊದಲು ಕೊನೆಯದಾಗಿ ಒಬ್ಬರ ಕೈ ಅದರ ಮೇಲೆ ಹಾಯಬೇಕು. ತಮಿಳುನಾಡಿನ ಸಿರುಮುಗೈಯ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಆ ಕೈ ನನ್ನದು. ಸೀರೆಯನ್ನು ಉದ್ದನೆಯ ಮೇಜಿನ ಮೇಲೆ ಹಾಸಿ, ಎಡಗೈಯಲ್ಲಿ ಅಂಚು ಹಿಡಿದು, ಬಲಗೈಯ ಮೂರು ಬೆರಳುಗಳನ್ನು ಸೆರಗಿನಿಂದ ಒಳತುದಿಯವರೆಗೆ ಹಾಯಿಸುತ್ತೇನೆ. ಕಣ್ಣಿಗೆ ಕಾಣದ ಗಂಟು, ತಪ್ಪಿದ ಎಳೆ, ಹಿಂಬದಿಯಲ್ಲಿ ಸಡಿಲವಾಗಿ ಉಳಿದ ಜರಿ, ಎಲ್ಲವೂ ಬೆರಳಿಗೆ ಸಿಗುತ್ತವೆ. ಸಿಕ್ಕಿದ್ದನ್ನು ಸರಿಮಾಡಿ ಮಡಿಸಿಟ್ಟರೆ ನನ್ನ ಕೆಲಸ ಮುಗಿಯಿತು. ಕೊಳ್ಳೇಗಾಲದಲ್ಲಿ ಗೂಡಿನಿಂದ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿ, ಇಲ್ಲಿಯ ನೇಕಾರರ ಮನೆಗೆ ಸೊಸೆಯಾಗಿ ಬಂದವಳು ನಾನು. ರೇಷ್ಮೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿರಲಿಲ್ಲ, ಹೇಳಿದರೂ ನಾನು ಕೇಳುವವಳಲ್ಲ.

ಇಷ್ಟು ಗಟ್ಟಿಯಾಗಿದ್ದ ಕೆಲಸ ಅಲ್ಲಾಡಲು ಶುರುವಾದದ್ದು ಮುಖದಿಂದ. ಅಂಗಡಿಯ ಯಜಮಾನರ ಸೊಸೆ ಫೋನಿನಲ್ಲಿ ಲೈವ್ ವ್ಯಾಪಾರ ಆರಂಭಿಸಿದಳು. ಅವರ ಮನೆಯವರೂ ಕನ್ನಡದವರೇ, ಆದರೆ ಅವರ ಕನ್ನಡದಲ್ಲಿ ಅರ್ಧ ತಮಿಳು. ಕರ್ನಾಟಕದ ಗಿರಾಕಿಗಳಿಗೆ ಅರ್ಥವಾಗುವ ಹಾಗೆ ಮಾತಾಡಲು ನನ್ನನ್ನು ಕ್ಯಾಮೆರಾದ ಮುಂದೆ ಕೂರಿಸಿದಳು. ಸೀರೆ ಹೆಗಲಿಗೆ ಹಾಕಿ ತೋರಿಸುವುದು, ಬಣ್ಣ ಹೇಳುವುದು, ಇಷ್ಟೇ. ಒಂದು ದಿನ ಯಾರೋ ಬರೆದರು: "ಅಜ್ಜಿ, ಆ ಹಸಿರು ಸೀರೆ ಇನ್ನೊಂದ್ಸಲ ತೋರಿಸಿ." ನನಗೆ ಆಗ ನಲವತ್ತೊಂಬತ್ತು.

"ಕೋಪ ಮಾಡ್ಕಬ್ಯಾಡಿ ಅಕ್ಕಾ, ಮರ್ಯಾದೆಗೆ ಅಂದಿರ್ತಾರೆ," ಅಂದಳು ಸೊಸೆ.

"ಮರ್ಯಾದೆ ಕೊಡಾಕ ಅಕ್ಕ ಅನ್ನ ಮಾತು ಇರ್ನಿಲ್ವಾ ಅವ್ಳ ತಾವ?" ಅಂದೆ.

ಆ ಸಂಜೆ ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಬಾಯಿಯ ಎರಡೂ ಬದಿಗೆ ಗೆರೆ, ಕೆನ್ನೆಯ ಮೇಲೆ ಕಂದು ಮಚ್ಚೆ, ಕತ್ತಿನ ಚರ್ಮ ಒಗೆದು ಹಿಂಡಿದ ಬಟ್ಟೆಯಂತೆ. ಮುಟ್ಟು ನಿಂತ ಮೇಲೆ ಚರ್ಮ ಒಣಗುತ್ತಿದೆ ಅನ್ನುವುದು ಗೊತ್ತಿತ್ತು. ಇಷ್ಟು ಒಣಗಿದೆ ಅನ್ನುವುದನ್ನು ಆ ಹಸಿರು ಸೀರೆಯವಳು ಹೇಳಬೇಕಾಯಿತು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಸೊಸೆ ತಾನು ಹಚ್ಚುವ ಸಾಮಾನನ್ನೇ ನನಗೂ ತರಿಸಿಕೊಟ್ಟಳು. ನೊರೆ ಬರುವ ಫೇಸ್ ವಾಶ್, ಅಂಗೈಗೆ ಸುರಿದುಕೊಂಡು ಮುಖಕ್ಕೆ ತಟ್ಟಿಕೊಳ್ಳುವ ಒಂದು ಆಸಿಡ್ ಟೋನರ್, ಹನಿ ಹನಿಯಾಗಿ ಹಾಕುವ ಸೀರಮ್, ಹಗಲಿಗೆ ಸನ್‌ಸ್ಕ್ರೀನ್, ರಾತ್ರಿಗೆ ಸುಕ್ಕು ತೆಗೆಯುವ ರೆಟಿನಾಲ್ ಕ್ರೀಮ್. ಅವಳಿಗೆ ಮೂವತ್ತು ದಾಟಿಲ್ಲ, ಮಧ್ಯಾಹ್ನದ ಹೊತ್ತಿಗೆ ಮುಖದಲ್ಲಿ ಎಣ್ಣೆ ಹೊಳೆಯುತ್ತದೆ. ಅವಳಿಗೆ ಒಗ್ಗಿದ್ದು ನನಗೂ ಒಗ್ಗುತ್ತದೆಯೇ ಎಂದು ನಾನೂ ಕೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನಾನು ಒಂದೊಂದನ್ನೇ ಹಚ್ಚಿ, ಒಣಗಲು ಕಾದು, ಮುಂದಿನದನ್ನು ಹಚ್ಚುವುದನ್ನು ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಅವರು ಮಗ್ಗದವರು.

"ಮಗ್ಗಕ್ಕೆ ಹಾಸಿನ ನೂಲು ಏರ್ಸಾಕೂ ನಂಗೆ ಇಷ್ಟ್ ನೇರ ಆಗಲ್ಲ," ಅಂದರು. ನೇರ ಅಂದರೆ ಇಲ್ಲಿ ಹೊತ್ತು.

ಉರಿ ಇತ್ತು, ಆದರೆ ಮುಖ ಹೊಳಪಾಯಿತು. ಮಚ್ಚೆ ತಿಳಿಯಾಯಿತು. ಲೈವ್‌ನಲ್ಲಿ ಅಜ್ಜಿ ಹೋಗಿ ಅಕ್ಕ, ಮೇಡಮ್ ಬಂದವು. ನಾನು ಖುಷಿಯಾಗಿದ್ದೆ. ಒಂದೇ ಭಯ, ಕ್ರೀಮಿನ ಜಿಡ್ಡು ರೇಷ್ಮೆಗೆ ತಗಲಿದರೆ ಕಲೆ. ಅದಕ್ಕೆ ಪ್ರತಿ ಸೀರೆ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದೆ. ಆಮೇಲೆ ನಮ್ಮತ್ತೆ ಕಲಿಸಿದ ಹಾಗೆ ಬೆರಳಿಗೆ ಚಿಟಿಕೆ ವಿಭೂತಿ ತಿಕ್ಕಿ, ಹತ್ತಿ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದೆ. ಕೈಬೆವರು ರೇಷ್ಮೆಗೆ ಆಗದು, ವಿಭೂತಿ ಬೆವರನ್ನು ಹೀರುತ್ತದೆ. ಮದುವೆಯಾಗಿ ಬಂದಾಗಿನಿಂದ ಇದನ್ನು ತಪ್ಪದೆ ಮಾಡಿಕೊಂಡು ಬಂದಿದ್ದೆ.

ಮಾರ್ಗಳಿ ಹಿಡಿಯಿತು, ನಮ್ಮ ಕಡೆಯ ಧನುರ್ಮಾಸ. ಒಣ ಗಾಳಿಯ ತಿಂಗಳು. ಈ ತಿಂಗಳು ಮದುವೆ ಇಲ್ಲ, ಆದರೆ ಸಂಕ್ರಾಂತಿಗೆ ತೈ ತಿಂಗಳು ಹುಟ್ಟುತ್ತಲೇ ಮುಹೂರ್ತಗಳು ಸಾಲುಗಟ್ಟುವುದರಿಂದ ಸೀರೆ ಕೆಲಸಕ್ಕೆ ಇದೇ ತುರುಸಿನ ಕಾಲ. ಲೈವ್ ನೋಡಿದ ಮೈಸೂರು ಕಡೆಯ ಒಂದು ಕುಟುಂಬ ಮದುವೆಯ ಎಲ್ಲ ಸೀರೆಗಳನ್ನೂ ನಮ್ಮಲ್ಲಿ ನೇಯಿಸಲು ಹೇಳಿತ್ತು. ಕರ್ನಾಟಕದಿಂದ ನಮಗೆ ಬಂದ ಮೊದಲ ದೊಡ್ಡ ಆರ್ಡರ್. ಆ ದಿನಗಳಲ್ಲೇ ಒಮ್ಮೆ, ಮಾವಿನ ಚಿಗುರಿನ ಬಣ್ಣದ ಒಂದು ಮೆತ್ತನೆಯ ಸೀರೆಯ ಮೇಲೆ ಬೆರಳು ಹಾಯಿಸುತ್ತಿದ್ದಾಗ ಚರ್ ಎಂದು ಸಣ್ಣ ಸದ್ದಾಯಿತು. ನೋಡಿದರೆ ಒಂದು ಎಳೆ ಕೂದಲಿನ ಹಾಗೆ ಮೇಲೆದ್ದಿದೆ.

ಬಳೆ ತಾಗಿರಬೇಕು ಅಂದುಕೊಂಡೆ. ಎಳೆಯನ್ನು ಸೂಜಿಮೊನೆಯಲ್ಲಿ ಒಳಕ್ಕೆ ಕೂರಿಸಿ, ಬಳೆ ತೆಗೆದಿಟ್ಟೆ. ಮರುದಿನ ಮತ್ತೆ ಚರ್. ಉಂಗುರ ತೆಗೆದೆ. ಆಮೇಲೆ ಮೇಜಿನ ಮೇಲೆ ಗುಮಾನಿ ಬಂತು. ಎಲ್ಲೋ ಸಿಬಿರು ಎದ್ದಿದೆ ಎಂದು ಹಲಗೆಯನ್ನು ಉಜ್ಜಿಸಿ, ಮೇಲೆ ಹೊಸ ಹತ್ತಿ ಬಟ್ಟೆ ಹಾಸಿಸಿದೆ. ಎಳೆಗಳು ಏಳುತ್ತಲೇ ಇದ್ದವು. ಎಲ್ಲವೂ ಕೂರಿಸಿದರೆ ಕೂರುವಂಥವೇ, ಸೀರೆ ಹಾಳಾಗಲಿಲ್ಲ. ಆದರೆ ದಿನಕ್ಕೆ ಮುಗಿಯುತ್ತಿದ್ದ ಸೀರೆಗಳಲ್ಲಿ ಅರ್ಧವೂ ಮುಗಿಯದಾಯಿತು.

ಕಾರಣ ಸಿಕ್ಕಿದ್ದು ಲೈವ್‌ನಲ್ಲಿ. ಅಂಚಿನ ಜರಿ ಹತ್ತಿರದಿಂದ ತೋರಿಸಿ ಎಂದು ಯಾರೋ ಕೇಳಿದರು. ಸೊಸೆ ಫೋನನ್ನು ನನ್ನ ಕೈಯ ಹತ್ತಿರ ತಂದು ದೊಡ್ಡದು ಮಾಡಿದಳು. ಪರದೆಯ ತುಂಬ ಜರಿ, ಜರಿಯ ಮೇಲೆ ನನ್ನ ತೋರುಬೆರಳು. ಬೆರಳ ತುದಿಯಲ್ಲಿ ಬಿಳಿಯ ಸಿಪ್ಪೆಗಳು ಮೀನಿನ ಹುರುಪೆಯಂತೆ ಎದ್ದು ನಿಂತಿದ್ದವು. ಒಂದು ಸಿಪ್ಪೆಗೆ ರೇಷ್ಮೆಯ ಎಳೆ ಸಿಕ್ಕಿಕೊಂಡು ಬೆರಳಿನ ಜೊತೆಯಲ್ಲೇ ಬರುತ್ತಿತ್ತು. ನಾನು ಕೈಯನ್ನು ಸೆರಗಿನ ಕೆಳಗೆ ಎಳೆದುಕೊಂಡೆ. ಬಣ್ಣ ಯಾವುದೆಂದು ಹೇಳುತ್ತಿದ್ದೆನೋ ಅದೂ ಮರೆತುಹೋಯಿತು.

ಕೈ ಒರಟಾದರೆ ಉಜ್ಜಬೇಕು, ನನಗೆ ತಿಳಿದದ್ದು ಅದು. ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಬೆರಳ ತುದಿಗಳನ್ನು ತಿಕ್ಕಿದೆ. ಉಗುರು ಕತ್ತರಿಸುವ ಕಟ್ಟರ್‌ನಿಂದ ಸಿಪ್ಪೆ ಕಿತ್ತೆ. ಸೋಪು ಇನ್ನಷ್ಟು, ವಿಭೂತಿ ಇನ್ನಷ್ಟು. ಒಂದು ಬೆಳಗಿನ ಮಟ್ಟಿಗೆ ನುಣುಪಾಗುತ್ತಿತ್ತು. ಸಂಜೆಯ ಹೊತ್ತಿಗೆ ಮೊದಲಿಗಿಂತ ಗರಗಸ. ಹೆಬ್ಬೆರಳು ಸೀಳಿ, ಸಾರಿಗೆ ಉಪ್ಪು ಹಾಕುವಾಗಲೂ ಉರಿಯುತ್ತಿತ್ತು. ಇಷ್ಟಾದರೂ ಮುಖದ ಕ್ರೀಮುಗಳನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಮುಖದ ಸಾಮಾನಿಗೂ ಕೈಗೂ ಸಂಬಂಧವಿದೆಯೆಂದು ನನಗೆ ಹೊಳೆದೇ ಇರಲಿಲ್ಲ.

ಯಜಮಾನರು ಒಳ್ಳೆಯ ಮನುಷ್ಯರು. ತಿರುಪ್ಪೂರಿನಿಂದ ಬನಿಯನ್ ಬಟ್ಟೆಯ ತೆಳು ಕೈಗವಸು ತರಿಸಿಕೊಟ್ಟರು. "ಇದ ಹಾಕ್ಕಂಡು ನೋಡಿ ಅಮ್ಮಣಿ, ಎಳೆ ಸಿಕ್ಕಾಕಲ್ಲ," ಅಂದರು. ನಿಜ, ಒಂದು ಎಳೆಯೂ ಏಳಲಿಲ್ಲ. ಆದರೆ ಗವಸು ಹಾಕಿದ ಬೆರಳಿಗೆ ಏನೂ ತಿಳಿಯದು. ಗಂಟೂ ಒಂದೇ, ನುಣುಪೂ ಒಂದೇ. ಎರಡು ದಿನ ಕಳೆಯಲಿಲ್ಲ, ನಾನು ಪಾಸು ಮಾಡಿ ಮಡಿಸಿಟ್ಟ ಸೀರೆಯೊಂದನ್ನು ಯಜಮಾನರೇ ಗಿರಾಕಿಯ ಮುಂದೆ ಬಿಚ್ಚಿದರು. ನಡುಭಾಗದಲ್ಲಿ ಸಾಸಿವೆಯಷ್ಟು ಗಂಟು. ಗಿರಾಕಿ ನೋಡಲಿಲ್ಲ. ಯಜಮಾನರು ನೋಡಿದರು, ನನ್ನ ಕಡೆಗೂ ಒಮ್ಮೆ ನೋಡಿದರು.

ಅಂದು ಅಂಗಡಿ ಮುಚ್ಚುವ ಮೊದಲು ಹತ್ತಿರ ಬಂದು ನಿಂತರು. "ಮೇಜು ಸ್ವಲ್ಪ ದಿನ ಬೇರೆಯವ್ರು ನೋಡ್ಕಳ್ಳಿ ಅಮ್ಮಣಿ. ನೀವು ಲೈವ್ ಒಂದ್ ಪಾತ್ಕೊಂಡ್ರೆ ಸಾಕು. ಅದೂ ಮುಕ್ಯ ತಾನೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಎದುರು ಮಾತಾಡಬಹುದಿತ್ತು. ಮನೆಗೆ ನಡೆಯುತ್ತಾ ಲೆಕ್ಕ ಹಾಕಿದೆ. ಕೂಲಿ ಕಡಿಮೆಯಾಗುವುದಿಲ್ಲ, ಕುರ್ಚಿಯ ಮೇಲೆ ಕೂತು ಮಾತಾಡುವ ಕೆಲಸ, ಬೇರೆಯವರಿಗೆ ಸಿಕ್ಕಿದ್ದರೆ ಹಬ್ಬ ಮಾಡುತ್ತಿದ್ದರು. ಆದರೆ ಲೈವ್‌ಗೆ ನಾಳೆ ಇನ್ನೊಂದು ಚೆಂದದ ಮುಖ ಸಿಗುತ್ತದೆ. ಮೇಜು ನನ್ನದು. ಕಣ್ಣು ಮುಚ್ಚಿ ಬೆರಳು ಹಾಯಿಸಿ, ಇಲ್ಲಿ ಎಳೆ ತಪ್ಪಿದೆ ಎಂದು ನಾನು ಹೇಳಿದರೆ ಮಗ್ಗದವರು ವಾದ ಮಾಡದೆ ಒಪ್ಪುತ್ತಿದ್ದರು. ಆ ಬೆರಳು ಹೋದರೆ ಆ ಅಂಗಡಿಯಲ್ಲಿ ನಾನು ಯಾರು ಎಂದು ನನಗೇ ತಿಳಿಯಲಿಲ್ಲ.

ಸೊಸೆಗೆ ಒಬ್ಬ ಚರ್ಮದ ಡಾಕ್ಟರು ಗೊತ್ತಿದ್ದರು. ದಾವಣಗೆರೆ ಕಡೆಯಿಂದ ಬಂದು ಕೊಯಮತ್ತೂರಿನಲ್ಲಿ ನೆಲೆಸಿದವರು, ನಮ್ಮ ಲೈವ್ ನೋಡಿ ಸೀರೆ ಕೊಂಡವರು. ಇದ್ದಬದ್ದ ಬಾಟಲಿಗಳನ್ನೆಲ್ಲ ಬಟ್ಟೆಯ ಚೀಲಕ್ಕೆ ತುಂಬಿಕೊಂಡು ಮೇಟ್ಟುಪಾಳಯಂ ದಾರಿಯಾಗಿ ಕೊಯಮತ್ತೂರಿಗೆ ಹೋಗುವ ಬಸ್ಸು ಹಿಡಿದೆ. ಡಾಕ್ಟರು ಮೊದಲು ಕೈಯನ್ನು ದೀಪದ ಕೆಳಗೆ ಹಿಡಿದು ನೋಡಿದರು. ಉಗುರು, ಬೆರಳ ಸಂದು, ಮೊಣಕೈ ಎಲ್ಲ ನೋಡಿದರು. ಥೈರಾಯ್ಡ್ ಇದೆಯಾ, ಮನೆಯಲ್ಲಿ ಯಾರಿಗಾದರೂ ಚರ್ಮದ ಕಾಯಿಲೆ ಇತ್ತಾ ಎಂದು ಕೇಳಿದರು.

"ದಿನಕ್ಕೆ ಎಷ್ಟು ಸಲ ಕೈ ತೊಳೀತೀರಿ?"

"ಪ್ರತಿ ಸೀರೆಗೂ."

"ಸೋಪ್ ಹಾಕಿನಾ?"

"ಸೋಪ್ ಹಾಕಿ. ಆಮೇಲ ವಿಭೂತಿ ತಿಕ್ತೀನಿ."

"ವಿಭೂತಿ ಯಾಕೆ?"

"ಬೆವರಿಗೆ ಕನಮ್ಮ. ಬೆವರಿನ ಕೈ ರೇಸ್ಮೆ ಮುಟ್ಬಾರ್ದು."

"ಈಗಲೂ ಕೈ ಬೆವರುತ್ತಾ ನಿಮಗೆ?"

ಕೈಗಳನ್ನು ಮಗುಚಿ ನೋಡಿಕೊಂಡೆ. ಅಂಗೈ ಬೆವರಿ ಎಷ್ಟು ಕಾಲವಾಯಿತು ಎಂದು ನೆನಪಾಗಲಿಲ್ಲ. ಚಿತ್ತಿರೈ ತಿಂಗಳ ನಡುಬೇಸಿಗೆಯ ಬಿಸಿಲಿನಲ್ಲೂ ಈ ವರ್ಷ ಬೆವರಿರಲಿಲ್ಲ. ಇಲ್ಲದ ಬೆವರನ್ನು ನಾನು ದಿನವಿಡೀ ಒರೆಸುತ್ತಿದ್ದೆ.

ಡಾಕ್ಟರು ಬಾಟಲಿಗಳ ಮೇಲಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದರು. "ಇವು ಕೆಟ್ಟ ಸಾಮಾನಲ್ಲ," ಅಂದರು. "ಆದರೆ ಈ ಟೋನರ್ ಚರ್ಮದ ಮೇಲ್ಪದರ ಸುಲಿಯುತ್ತೆ, ಈ ರಾತ್ರಿ ಕ್ರೀಮೂ ಚರ್ಮ ಸಿಪ್ಪೆ ಏಳೋ ಹಾಗೆ ಮಾಡುತ್ತೆ. ಮುಟ್ಟು ನಿಂತ ಮೇಲೆ ಚರ್ಮದಲ್ಲಿ ಎಣ್ಣೆ ಕಮ್ಮಿ, ನೀರು ನಿಲ್ಲಲ್ಲ. ಅಂಥ ಚರ್ಮಕ್ಕೆ ಎರಡನ್ನೂ ಒಟ್ಟಿಗೆ ಶುರು ಮಾಡಿದ್ದೀರಿ. ಅದೂ ಬರಿಗೈಯಲ್ಲಿ ಹಚ್ಚಿದ್ದೀರಿ. ಮುಖಕ್ಕೆ ಎಷ್ಟು ಹೋಗಿದೆಯೋ ಬೆರಳಿಗೂ ಅಷ್ಟೇ ಹೋಗಿದೆ. ಮೇಲೆ ಸೋಪು, ಅದರ ಮೇಲೆ ವಿಭೂತಿ, ಕಲ್ಲು."

"ಹಂಗಾರ ಯಾನ ಮಾಡದು?"

"ಸದ್ಯಕ್ಕೆ ಎಲ್ಲ ಬಿಡೋದು."

ಅವರು ಉಳಿಸಿದ್ದು ಬಹಳ ಕಡಿಮೆ. ಮುಖಕ್ಕೂ ಕೈಗೂ ನೊರೆ ಬಾರದ, ಸೋಪಿಲ್ಲದ ಒಂದು ಕ್ಲೆನ್ಸರ್. ಬಿಸಿನೀರು ಬೇಡ, ಉಗುರುಬೆಚ್ಚಗಿನದು ಸಾಕು. ಒರೆಸಬಾರದು, ಒತ್ತಿ ತೇವ ತೆಗೆದು, ಚರ್ಮ ಇನ್ನೂ ಹಸಿಯಾಗಿರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಬೇಕು. ಹಗಲು ಮುಖ, ಕತ್ತು, ಕೈಯ ಮೇಲ್ಭಾಗಕ್ಕೆ ಸನ್‌ಸ್ಕ್ರೀನ್. ಮಚ್ಚೆ ಕಪ್ಪಾಗದಿರಲು ಉಳಿದೆಲ್ಲಕ್ಕಿಂತ ಅದೇ ಮುಖ್ಯ ಅಂದರು. ಮಲಗುವಾಗ ಬೆರಳಿಗೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಬಳಿದು, ಮೇಲೆ ತೆಳುವಾದ ಹತ್ತಿ ಕೈಗವಸು. ಸುಕ್ಕಿನ ಕ್ರೀಮನ್ನು ಬೆರಳು ಪೂರ್ತಿ ಮಾಗಿದ ಮೇಲೆ ನೋಡೋಣ ಎಂದರು.

ಕೈಗವಸು ಅಂದ ಕೂಡಲೇ ನಗು ಬಂತು. ಹಗಲು ನನ್ನನ್ನು ಕುರುಡಿ ಮಾಡಿದ ಗವಸು ಮನೆಯಲ್ಲೇ ಬಿದ್ದಿತ್ತು.

ಮರುದಿನ ಯಜಮಾನರ ಹತ್ತಿರ ಹೋದೆ. ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿಕೊಂಡಿದ್ದೆ. "ಮೈಸೂರ್ ಆರ್ಡರ್ದು ಮುಹೂರ್ತದ ಸೀರೆ ಇನ್ನಾ ಮಗ್ಗದ ಮೇಲದೆ. ಅದು ಇಳಿಯಗಂಟ ಮೇಜು ನಾನು ಮುಟ್ಟಲ್ಲ ಅಣ್ಣಾ. ಇಳಿದ ದಿನ ನಾನೇ ನೋಡ್ತೀನಿ. ಆ ದಿನಾನೂ ಬೆರಳು ಸಿಕ್ಕಾಕಂಡ್ರ ಮೇಜು ಬಿಟ್ ಬುಡ್ತೀನಿ, ನೀವು ಹೇಳದೇ ಬ್ಯಾಡ."

"ಸರಿ ಅಮ್ಮಣಿ," ಅಂದರು.

ಇನ್ನೊಂದು ತೊಡಕಿತ್ತು. ಕೈಗೆ ಹಚ್ಚಿದ ಮಾಯಿಶ್ಚರೈಸರ್ ರೇಷ್ಮೆಗೆ ಇಳಿಯಬಾರದು. ಅದನ್ನು ಡಾಕ್ಟರ ಹತ್ತಿರ ಕೇಳಿದ್ದಕ್ಕೆ, ರೇಷ್ಮೆ ನಿಮಗೇ ಗೊತ್ತು, ನೀವೇ ಪರೀಕ್ಷೆ ಮಾಡಿ ಅಂದಿದ್ದರು. ಸೀರೆ ಸುತ್ತುವ ಖಾಕಿ ಕಾಗದದ ತುಂಡು ಇಟ್ಟುಕೊಂಡೆ. ಕ್ರೀಮ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಬೆರಳನ್ನು ಕಾಗದಕ್ಕೆ ಒತ್ತುವುದು. ಜಿಡ್ಡಿದ್ದರೆ ಕಾಗದದ ಮೇಲೆ ಗಾಢ ಮಚ್ಚೆ ಬೀಳುತ್ತದೆ. ಮೊದಲು ತಂದ ಕ್ರೀಮು ಮಧ್ಯಾಹ್ನದವರೆಗೂ ಮಚ್ಚೆ ಬಿಡುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ ಇನ್ನೂ ತೆಳುವಾದ ಒಂದನ್ನು ಬರೆಸಿಕೊಂಡೆ. ಅದು ಅಡುಗೆ ಮುಗಿಯುವ ಹೊತ್ತಿಗೆ ಚರ್ಮದೊಳಗೆ ಇಳಿದಿರುತ್ತಿತ್ತು. ಇನ್ನೊಂದು ಪರೀಕ್ಷೆ ಒರಟುತನಕ್ಕೆ. ಮೆತ್ತನೆಯ ರೇಷ್ಮೆಯ ಒಂದು ತುಂಡನ್ನು ಮೊಣಕಾಲ ಮೇಲೆ ಹರಡಿ ಮೂರು ಬೆರಳು ಹಾಯಿಸುವುದು. ಬೆಳಗಿನ ಕಾಫಿಗೆ ಮೊದಲು ಅದೇ ಕೆಲಸ.

ತುಂಡು ಬಹಳ ದಿನ ಚರ್ ಅನ್ನುತ್ತಲೇ ಇತ್ತು. ಒಂದು ಬೆಳಗ್ಗೆ ಅಭ್ಯಾಸಬಲದಿಂದ ಕೈ ತಾನಾಗಿ ವಿಭೂತಿಯ ಬಟ್ಟಲಿಗೆ ಹೋಯಿತು. ಆಮೇಲೆ ಬಟ್ಟಲನ್ನೇ ದೇವರ ಗೂಡಿನ ಮೇಲಿನ ಹಲಗೆಗೆ ಏರಿಸಿದೆ. ಈಗ ವಿಭೂತಿ ಹಣೆಗೆ ಮಾತ್ರ.

ಮುಖದ್ದು ಬೇರೆ ಸಂಕಟ. ಉರಿ ಹೋಯಿತು, ಅದರ ಜೊತೆ ಹೊಳಪೂ ಹೋಯಿತು. ಕನ್ನಡಿಯಲ್ಲಿ ಹಳೆಯ ಗೆರೆಗಳು ತಮ್ಮ ಜಾಗಕ್ಕೆ ಬಂದು ಕೂತಿದ್ದವು. ಲೈವ್‌ಗೆ ಕೂತಾಗ ಸೊಸೆ ಫೋನಿನ ಹಿಂದಿನಿಂದ ಇಣುಕಿ ನೋಡಿದಳು.

"ಅಕ್ಕಾ, ಮೊಗ ಒಂದ್ ಮಾದರಿ ಡಲ್ ಕಾಣ್ತೈತೆ. ಆ ನೈಟ್ ಕ್ರೀಮ್ ಒಂದಾದ್ರೂ ಹಾಕ್ಕಳ್ಳಿ. ಕೈಗೆ ತಾಗದಂಗೆ ನಾನೇ ಹಚ್ತೀನಿ ಬೇಕಾರೆ."

ಆಸೆಯಾಯಿತು. ಬಾಟಲಿ ಇನ್ನೂ ಅರ್ಧ ತುಂಬಿತ್ತು. ಬೇಡ ಎಂದು ಹೇಳಲು ನನಗೆ ಒಂದು ರಾತ್ರಿ ಬೇಕಾಯಿತು, ಆದರೆ ಹೇಳಿದೆ. ಯಾವುದು ಸರಿಹೋಗುತ್ತಿದೆ, ಯಾವುದು ಕೆಡುತ್ತಿದೆ ಎಂದು ತಿಳಿಯಬೇಕಾದರೆ ನಡುವೆ ಹೊಸದೇನನ್ನೂ ಸೇರಿಸಬಾರದು. ಮಗ್ಗದಲ್ಲಿ ದೋಷ ಹುಡುಕುವಾಗಲೂ ಹಾಗೆಯೇ, ಒಂದು ಕಡೆ ಬಿಗಿ ಮಾಡಿ ನಾಲ್ಕು ಬೆರಳಗಲ ನೇಯ್ದು ನೋಡಿ ಮುಂದಿನದಕ್ಕೆ ಕೈ ಹಾಕುತ್ತಾರೆ. ಆ ಲೈವ್‌ನಲ್ಲಿ ಬರೀ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿದ ಮುಖದಲ್ಲಿ ಕೂತೆ. ಒಬ್ಬರು ಅಜ್ಜಿ ಅಂದರು. ಅವರಿಗೂ ಹಸಿರು ಸೀರೆಯೇ ಬೇಕಿತ್ತು, ಹಸಿರಿನವರಿಗೆ ನನ್ನ ಮೇಲೆ ಏನು ಹಗೆಯೋ. ತೋರಿಸಿದೆ, ಕೊಂಡರು.

ಆ ದಿನಗಳಲ್ಲಿ ಅವ್ವನ ಕೈ ಬಹಳ ನೆನಪಾಯಿತು. ಕುದಿನೀರಿನ ಬಾನಿಯಲ್ಲಿ ಗೂಡು ತಡವಿ ತಡವಿ ಅವಳ ಬೆರಳು ಸದಾ ಬಿಳುಚಿ ನೆನೆದಿರುತ್ತಿದ್ದವು. ಮಲಗುವ ಮುಂಚೆ ಹರಳೆಣ್ಣೆ ಸವರಿ, ಹಳೆಯ ಸೀರೆಯ ಚೂರು ಸುತ್ತಿಕೊಳ್ಳುತ್ತಿದ್ದಳು. ವಾಸನೆಗೆ ನಾನು ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿ ಮಲಗುತ್ತಿದ್ದೆ. ಈಗ ಜೆಲ್ಲಿ ಬಳಿದು ಬನಿಯನ್ ಗವಸು ಹಾಕಿಕೊಂಡು ಮಲಗಿದರೆ ನಮ್ಮ ಮನೆಯವರು ಆ ಕಡೆ ತಿರುಗುತ್ತಿದ್ದರು.

ಪೊಂಗಲ್ ಹತ್ತಿರ ಬರುವಾಗ ಹೆಬ್ಬೆರಳಿನ ಸೀಳು ಕೂಡಿಕೊಂಡಿತು. ಒಂದು ಬೆಳಗ್ಗೆ ರೇಷ್ಮೆ ತುಂಡಿನ ಮೇಲೆ ಬೆರಳು ಹಾಯಿಸಿದೆ. ಸದ್ದಿಲ್ಲ. ನಂಬಿಕೆ ಬರದೆ ಅಡ್ಡಡ್ಡಲಾಗಿ ಹಾಯಿಸಿದೆ. ಸದ್ದಿಲ್ಲ. ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ. ಆದರೂ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ತುಂಡಿನ ಮೇಲೆ ಹಾಯುವುದೇ ಬೇರೆ, ಇಡೀ ಸೀರೆಯ ಮೇಲೆ ಹಾಯುವುದೇ ಬೇರೆ.

ಮುಹೂರ್ತದ ಸೀರೆ ಮಗ್ಗದಿಂದ ಇಳಿಯಿತು. ಕುಂಕುಮದ ಬಣ್ಣ, ಸೆರಗಿನ ತುಂಬ ಜರಿ. ಯಜಮಾನರು ಅದನ್ನು ತಾವೇ ತಂದು ಮೇಜಿನ ಮೇಲೆ ಹಾಸಿ ಪಕ್ಕದಲ್ಲಿ ನಿಂತರು. ಸೊಸೆ ಫೋನ್ ಕೆಳಗಿಟ್ಟು ಬಂದಳು. ನಾನು ಬೆರಳನ್ನು ಖಾಕಿ ಕಾಗದಕ್ಕೆ ಒತ್ತಿದೆ, ಮಚ್ಚೆ ಬೀಳಲಿಲ್ಲ. ಸೆರಗಿನಿಂದ ಶುರುಮಾಡಿದೆ. ಜರಿ ದಾಟಿತು, ಅಂಚು ದಾಟಿತು, ಒಡಲಿನಲ್ಲಿ ಬೆರಳು ನೀರಿನ ಮೇಲೆ ಹೋದಂತೆ ಹೋಯಿತು. ಅರ್ಧಕ್ಕಿಂತ ಸ್ವಲ್ಪ ಮುಂದೆ ಬೆರಳು ನಿಂತಿತು.

ಮೆಲ್ಲಗೆ ಬೆರಳೆತ್ತಿದೆ. ಬೆರಳಿನ ಜೊತೆ ಎಳೆ ಏಳಲಿಲ್ಲ. ಎಡಗೈಯ ಕಿರುಬೆರಳು ಅಷ್ಟಾಗಿ ಕೆಟ್ಟಿರಲಿಲ್ಲ, ಅದನ್ನು ಅದೇ ದಾರಿಯಲ್ಲಿ ಹಾಯಿಸಿದೆ. ಅದೂ ಅಲ್ಲೇ ನಿಂತಿತು. ಸೀರೆ ಮಗುಚಿ ಹಾಕಿದೆ. ಕಣ್ಣಿಗೆ ಏನೂ ಕಾಣದು. ಯಜಮಾನರು ನೂಲೆಣಿಸುವ ಭೂತಗನ್ನಡಿಯನ್ನು ಅಲ್ಲಿಟ್ಟು ಬಗ್ಗಿದರು, ಬಗ್ಗಿದವರು ಬೇಗ ಏಳಲಿಲ್ಲ.

"ಹೊಕ್ಕಿನ ನೂಲು ಹರಿದಾಗ ನೇಯ್ದೋರು ಗಂಟು ಹಾಕವ್ರೆ. ಒಳಗಡೆ ಸೇರ್ಕೊಂಡೈತೆ," ಅಂದರು. ಎದ್ದು ನನ್ನ ಮುಖ ನೋಡಿದರು. ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ. "ಏನಮ್ಮಣಿ, ಮುಹೂರ್ತದ ಸೀರೇಲಿ ತಪ್ಪು ಸಿಕ್ಕಿದ್ಕೆ ಯಾರಾದ್ರೂ ಇಷ್ಟ್ ಸಂತೋಸ ಪಡ್ತಾರಾ?"

"ತಪ್ಪು ಸೀರೇದು ಅಣ್ಣಾ," ಅಂದೆ. "ನನ್ನ ಬೆರಳ್ದಲ್ಲ."

ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಸೊಸೆ ನೀರು ತಂದುಕೊಟ್ಟಳು. ಆಮೇಲೆ ಗಂಟನ್ನು ಬಿಡಿಸಿ, ಎಳೆಯನ್ನು ಒಳಕ್ಕೆ ಕೂರಿಸಿ, ಸೀರೆ ಮಡಿಸಿದೆ. ಆರ್ಡರ್‌ನ ಉಳಿದ ಸೀರೆಗಳನ್ನು ಯಜಮಾನರು ತಾವಾಗಿಯೇ ನನ್ನ ಮೇಜಿಗೆ ಕಳಿಸಿದರು.

ಈಗ ವಾರಕ್ಕೆ ಎರಡು ರಾತ್ರಿ, ಮಾಯಿಶ್ಚರೈಸರ್ ಮೇಲೆ, ಆ ಸುಕ್ಕಿನ ಕ್ರೀಮನ್ನು ಅಕ್ಕಿಕಾಳಿನಷ್ಟು ಹಚ್ಚುತ್ತೇನೆ. ಬೆರಳಲ್ಲಿ ಅಲ್ಲ, ಹತ್ತಿ ಸುತ್ತಿದ ಕಡ್ಡಿಯಲ್ಲಿ, ಡಾಕ್ಟರು ಹೇಳಿಕೊಟ್ಟ ಹಾಗೆ. ಗೆರೆಗಳು ಸ್ವಲ್ಪ ಮೆತ್ತಗಾಗಿವೆ, ಹೋಗಿಲ್ಲ. ಅಷ್ಟು ಸಾಕು.

ಗಂಟು ಸಿಕ್ಕ ಆ ದಿನ ಸಂಜೆ ಮನೆಗೆ ಬಂದಾಗ ನಮ್ಮ ಮನೆಯವರು ಜಗುಲಿಯಲ್ಲಿ ಕೂತಿದ್ದರು. ಮುಹೂರ್ತದ ಆ ಸೀರೆ ನೇಯ್ದವರು ಅವರೇ. ಗಂಟು ಎಲ್ಲಿ ಸಿಕ್ಕಿತು, ಹೇಗೆ ಬಿಡಿಸಿದೆ, ಯಜಮಾನರು ಭೂತಗನ್ನಡಿ ಹಿಡಿದು ಎಷ್ಟು ಹೊತ್ತು ಹುಡುಕಿದರು ಎಲ್ಲ ಹೇಳಿದೆ. ಎರಡು ಸಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಕೈಗವಸನ್ನು ನೋಡಿದರು.

"ಅದ ಇನ್ನೂ ನಾಲ್ಕ್ ದಿನ ಹಗಲೊತ್ತೂ ಹಾಕ್ಕಂಡಿರ್ಬೇಕಾಗಿತ್ತು ನೀನು," ಅಂದರು.